ಸ್ಟೀಲ್ ಕೈಗಡಿಯಾರದ ಗೀರುಗಳು: ಯಾವುದನ್ನು ಉಜ್ಜಬೇಕು, ಯಾವುದನ್ನು ಬಿಡಬೇಕು

ಒಳ್ಳೆಯ ಸ್ಟೀಲ್ ಕೈಗಡಿಯಾರವನ್ನು ದಿನವೂ ಕಟ್ಟಿಕೊಳ್ಳುವವರಿಗೆ ಗೀರುಗಳಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಶಿವಮೊಗ್ಗದ ಕಚೇರಿಯಲ್ಲಿ ಕುಳಿತರೆ ಚೈನಿನ ಲಾಕ್ ಲ್ಯಾಪ್‌ಟಾಪಿನ ಅಂಚಿಗೆ ಉಜ್ಜುತ್ತದೆ. ಮಳೆಗಾಲದಲ್ಲಿ ಬೈಕ್ ಹತ್ತಿದರೆ ರೇನ್‌ಕೋಟಿನ ಜಿಪ್ ತಾಗುತ್ತದೆ. ಹಬ್ಬಕ್ಕೆಂದು ತೀರ್ಥಹಳ್ಳಿ, ಹೊಸನಗರದ ಕಡೆಯ ಮನೆಗೆ ಹೋದರೆ ಜಂಬಿಟ್ಟಿಗೆಯ ಗೋಡೆಗೋ ಅಂಗಳದ ಕಲ್ಲುಕಟ್ಟೆಗೋ ಕೈ ಒರೆಸಿ ಹೋಗುತ್ತದೆ. ಗೀರು ಕಂಡ ಕೂಡಲೇ ಅದನ್ನು ಹೇಗಾದರೂ ತೆಗೆದುಬಿಡಬೇಕೆಂಬ ಆತುರ ಹುಟ್ಟುವುದು ಸಹಜ. ಆದರೆ ನಾನು ಕಂಡ ಮಟ್ಟಿಗೆ, ಬಿದ್ದ ಗೀರಿನಿಂದ ಅಂದಗೆಟ್ಟ ಗಡಿಯಾರಗಳಿಗಿಂತ ಆ ಗೀರನ್ನು ಆತುರದಿಂದ ಉಜ್ಜಿದ್ದರಿಂದ ಅಂದಗೆಟ್ಟವೇ ಹೆಚ್ಚು. ಆದ್ದರಿಂದ ಮನೆಯಲ್ಲಿಯೇ ಧೈರ್ಯವಾಗಿ ಮಾಡಬಹುದಾದ ಕೆಲಸ ಯಾವುದು, ಪರಿಣತರಿಗೇ ಬಿಡಬೇಕಾದದ್ದು ಯಾವುದು, ಯಾರೂ ಮುಟ್ಟದೆ ಇರುವುದೇ ಲೇಸಾದದ್ದು ಯಾವುದು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಗೀರು ಬಿದ್ದಾಗ ಆಗುವುದೇನು

ಹೆಚ್ಚಿನ ದುಬಾರಿ ಸ್ಟೀಲ್ ಗಡಿಯಾರಗಳ ಕೇಸು, ಅಂದರೆ ಒಳಗಿನ ಯಂತ್ರವನ್ನು ಹಿಡಿದಿರುವ ಲೋಹದ ಕವಚ, ಮತ್ತು ಚೈನು 316ಎಲ್ ಎಂಬ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವು. ರೋಲೆಕ್ಸ್ ಕಂಪನಿ 1985ರಲ್ಲಿ 904ಎಲ್ ದರ್ಜೆಯನ್ನು ಬಳಸಲು ಆರಂಭಿಸಿತು. ಅದರಲ್ಲಿ ಕ್ರೋಮಿಯಂ, ನಿಕ್ಕಲ್, ಮಾಲಿಬ್ಡಿನಂಗಳ ಪ್ರಮಾಣ ಹೆಚ್ಚಿರುವುದರಿಂದ ಬೆವರು ಮತ್ತು ಉಪ್ಪುನೀರನ್ನು ಅದು ಇನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ತುಕ್ಕನ್ನು ತಡೆಯುವ ಗುಣವೇ ಬೇರೆ, ಗೀರನ್ನು ತಡೆಯುವ ಗುಣವೇ ಬೇರೆ. ಗಡಸುತನವನ್ನು ಅಳೆಯುವ ವಿಕರ್ಸ್ ಮಾಪನದಲ್ಲಿ 316ಎಲ್ ಉಕ್ಕು ಸುಮಾರು 150ರಿಂದ 200ರಷ್ಟಿದ್ದರೆ, ತುಂಗೆಯ ಮರಳಿನಲ್ಲೂ ಅಡುಗೆಮನೆಯ ಗ್ರಾನೈಟಿನಲ್ಲೂ ಇರುವ ಬೆಣಚುಕಲ್ಲಿನ ಕಣ ಸಾವಿರವನ್ನು ದಾಟುತ್ತದೆ. ಹೀಗಾಗಿ ಎಷ್ಟೇ ಬೆಲೆಯ ಗಡಿಯಾರವಾದರೂ ಕಲ್ಲಿನ ಪುಡಿಯ ಮುಂದೆ ಅದರ ಉಕ್ಕು ಮೆತ್ತಗಿನದೇ. ಬೆಲೆ ಕೊಟ್ಟದ್ದು ವ್ಯರ್ಥವಾಯಿತೆಂದು ಮೊದಲ ಗೀರಿನಿಂದ ಕೊರಗುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಪಾಲಿಷ್ ಮಾಡಿದಾಗ ಗೀರು ತುಂಬಿಕೊಳ್ಳುವುದಿಲ್ಲ. ಅದರ ಸುತ್ತಲಿನ ಲೋಹ ಗೀರಿನ ತಳದ ಮಟ್ಟಕ್ಕೆ ಸವೆಯುತ್ತದೆ. ಗದ್ದೆಯಲ್ಲಿ ಒಂದು ಗುಂಡಿ ಬಿದ್ದರೆ ಮಣ್ಣು ತಂದು ತುಂಬುವ ಬದಲು ಇಡೀ ಗದ್ದೆಯನ್ನೇ ಗುಂಡಿಯ ಆಳಕ್ಕೆ ಕೆತ್ತಿ ಸಮ ಮಾಡಿದಂತೆ ಇದು. ಕೂದಲೆಳೆಯಂಥ ಗೀರಾದರೆ ಸವೆಯುವ ಲೋಹ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಆಳವಾದ ಗೀರಾದರೆ ಕೇಸಿನ ಅಂಚು, ಮೂಲೆ, ಇಳಿಜಾರುಗಳೆಲ್ಲ ಕರಗಿಹೋಗುವಷ್ಟು ಹೆಚ್ಚು. ಮುಂದೆ ಹೇಳುವ ಪ್ರತಿಯೊಂದು ಎಚ್ಚರಿಕೆಯೂ ಈ ಒಂದು ಸಂಗತಿಯಿಂದಲೇ ಬಂದದ್ದು.

ಮೊದಲ ಹೆಜ್ಜೆ: ತೊಳೆಯುವುದು

ಉಜ್ಜುವ ಮಾತು ಎತ್ತುವ ಮೊದಲು ಗಡಿಯಾರವನ್ನು ತೊಳೆಯಬೇಕು. ಇದಕ್ಕೆ ಎರಡು ಕಾರಣಗಳಿವೆ. ಮೇಲ್ಮೈಯಲ್ಲಿ ಕುಳಿತಿರುವ ದೂಳಿನ ಕಣಗಳನ್ನು ಹಾಗೆಯೇ ಬಿಟ್ಟು ಬಟ್ಟೆಯಿಂದ ಒರೆಸಿದರೆ ಆ ಕಣಗಳೇ ಹೊಸ ಗೀರುಗಳನ್ನು ಎಳೆಯುತ್ತವೆ. ಎರಡನೆಯದಾಗಿ, ಗೀರೆಂದು ನಾವು ಭಾವಿಸಿದವುಗಳಲ್ಲಿ ಹಲವು ಗೀರುಗಳೇ ಆಗಿರುವುದಿಲ್ಲ. ಹಿತ್ತಾಳೆಯ ಬೀಗ, ಅಲ್ಯೂಮಿನಿಯಂ ಕಿಟಕಿಯ ಚೌಕಟ್ಟು ಮೊದಲಾದ ಮೆದು ಲೋಹಗಳು ಉಜ್ಜಿದಾಗ ತಮ್ಮದೇ ಬಣ್ಣವನ್ನು ಉಕ್ಕಿನ ಮೇಲೆ ಬಿಟ್ಟುಹೋಗುತ್ತವೆ. ಅಡಿಕೆ ಬೇಯಿಸುವ ಕಾಲದಲ್ಲಿ ಚೊಗರು ತಾಗಿ ಚೈನಿನ ಸಂದುಗಳಲ್ಲಿ ಕಪ್ಪುಗೆಂಪು ಕಲೆ ಹಿಡಿದರೆ ಅದೂ ದೂರದಿಂದ ಗೀರಿನಂತೆಯೇ ಕಾಣುತ್ತದೆ. ಇವೆಲ್ಲ ಸೋಪಿನ ನೀರಿಗೆ, ತಪ್ಪಿದರೆ ಮಕ್ಕಳು ಬಳಸುವ ಮೆತ್ತಗಿನ ಬಿಳಿ ರಬ್ಬರಿಗೆ ಹೋಗುವಂಥವು.

ತೊಳೆಯುವ ಮುನ್ನ ಕೀಲಿ ಕೊಡುವ ತಿರುಪು ಪೂರ್ತಿ ಒಳಗಿದೆಯೇ, ತಿರುಗಿಸಿ ಬಿಗಿಯುವ ಬಗೆಯದಾದರೆ ಕೊನೆಯವರೆಗೆ ಬಿಗಿದಿದೆಯೇ ಎಂದು ನೋಡಿಕೊಳ್ಳಿ. 100 ಮೀಟರ್ ಅಥವಾ ಅದಕ್ಕೂ ಹೆಚ್ಚಿನ ನೀರುನಿರೋಧಕತೆಯಿದ್ದು, ಇತ್ತೀಚೆಗೆ ಪರೀಕ್ಷೆಯಾಗಿರುವ ಗಡಿಯಾರವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅಂಜಿಕೆಯಿಲ್ಲದೆ ತೊಳೆಯಬಹುದು. 30 ಮೀಟರ್ ಎಂದು ಬರೆದಿರುವುದನ್ನು ಮುಳುಗಿಸಬಾರದು. ಆ ಅಂಕಿ ಸೂಚಿಸುವುದು ಕೈ ತೊಳೆಯುವಾಗಿನ ಸಿಡಿಹನಿಯನ್ನು ತಾಳುವ ಶಕ್ತಿಯನ್ನು ಮಾತ್ರ. ಹಳೆಯ ಗಡಿಯಾರವಾಗಿದ್ದು ಒಳಗಿನ ರಬ್ಬರ್ ಉಂಗುರಗಳ ಸ್ಥಿತಿ ತಿಳಿಯದಿದ್ದರೆ ಚೈನನ್ನು ಬಿಚ್ಚಿ ಅದನ್ನಷ್ಟೇ ತೊಳೆದು, ಕೇಸನ್ನು ತೇವದ ಬಟ್ಟೆಯಿಂದ ಒರೆಸಿದರೆ ಸಾಕು.

ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಒಂದು ಮೆತ್ತಗಿನ ಟೂತ್‌ಬ್ರಷ್, ಇಷ್ಟೇ ಸಾಮಗ್ರಿ. ಚೈನಿನ ಕೊಂಡಿಗಳ ಸಂದು, ಲಾಕಿನ ಒಳಭಾಗ, ಕೇಸಿಗೆ ಚೈನು ಸೇರುವ ಮೂಲೆ, ಇವುಗಳಲ್ಲಿ ಬೆವರು ಮತ್ತು ದೂಳು ಸೇರಿ ಕಪ್ಪಗಿನ ಮಡ್ಡಿಯಾಗಿರುತ್ತದೆ. ಅದು ಬರೀ ಕೊಳೆಯಲ್ಲ. ಕೊಂಡಿಗಳ ನಡುವೆ ನಿಂತು ಒಳಗಿನ ಪಿನ್ನುಗಳನ್ನು ಅರೆಯುತ್ತ ಚೈನನ್ನು ವರ್ಷಗಳಲ್ಲಿ ಸಡಿಲಗೊಳಿಸುವ ಪುಡಿ. ಬ್ಲೀಚ್, ಕಕ್ಕಸು ತೊಳೆಯುವ ಆಮ್ಲ, ಹುಣಸೆಹುಳಿ, ಒಲೆಯ ಬೂದಿ, ಪಾತ್ರೆ ತಿಕ್ಕುವ ಪುಡಿ ಇವನ್ನೆಲ್ಲ ದೂರವಿಡಿ. ಬ್ಲೀಚಿನಲ್ಲಿರುವ ಕ್ಲೋರಿನ್ ಉಕ್ಕಿನ ರಕ್ಷಾಪದರವನ್ನು ತಿಂದು ಸೂಜಿಮೊನೆಯಂಥ ಕುಳಿಗಳನ್ನು ಮಾಡುತ್ತದೆ. ಬೂದಿ ಮತ್ತು ಪುಡಿಗಳಲ್ಲಿ ಗಡಸು ಕಣಗಳಿರುತ್ತವೆ. ತೊಳೆದ ಮೇಲೆ ಹತ್ತಿಯ ಬಟ್ಟೆಯಿಂದ ಒತ್ತಿ ಒರೆಸಿ ಫ್ಯಾನಿನ ಗಾಳಿಯಲ್ಲಿ ಒಣಗಿಸಬೇಕು. ಆಷಾಢದ ಜಡಿಮಳೆಯ ದಿನಗಳಲ್ಲಿ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ ಎಂದು ಗಡಿಯಾರವನ್ನು ಒಲೆಯ ಬಳಿಯೋ ಹೊಡಸಲಿನ ಮೇಲೆಯೋ ಇಡಬಾರದು. ಬಿಸಿಗೆ ಒಳಗಿನ ಎಣ್ಣೆಯೂ ರಬ್ಬರ್ ಉಂಗುರಗಳೂ ಹಾಳಾಗುತ್ತವೆ.

ಎರಡನೆಯ ಹೆಜ್ಜೆ: ಗೀರನ್ನು ಓದುವುದು

ಒಣಗಿದ ಗಡಿಯಾರವನ್ನು ಕಿಟಕಿಯ ಬಳಿ ತಂದು, ಬೆಳಕು ಒಂದೇ ದಿಕ್ಕಿನಿಂದ ಓರೆಯಾಗಿ ಬೀಳುವಂತೆ ಹಿಡಿಯಿರಿ. ಮೋಡ ಕವಿದ ದಿನವಾದರೆ ಮೊಬೈಲಿನ ಟಾರ್ಚ್ ಸಾಕು. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಐ ಗ್ಲಾಸ್ ಇದ್ದರೆ ಇನ್ನೂ ಒಳ್ಳೆಯದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಮನೆಯಲ್ಲಿರಬೇಕಾದ ವಸ್ತು ಎಂದೇ ನನ್ನ ಅಭಿಪ್ರಾಯ. ಅದರ ಮೂಲಕ ಲಾಕಿನ ಮೇಲ್ಮೈಯನ್ನು ನೋಡಿದರೆ ಕಾರ್ಖಾನೆಯಲ್ಲಿ ಎಳೆದ ಸಾವಿರಾರು ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಹರಿಯುವುದು ಕಾಣುತ್ತದೆ. ಅವುಗಳಿಗೆ ಅಡ್ಡಲಾಗಿ ಹೋದದ್ದಷ್ಟೇ ನಮ್ಮ ಕಣ್ಣನ್ನು ಚುಚ್ಚುವ ಗೀರು. ಅದೇ ಗೀರು ಆ ಗೆರೆಗಳ ದಿಕ್ಕಿನಲ್ಲೇ ಬಿದ್ದಿದ್ದರೆ ಬಹುಶಃ ನಮಗೆ ತಿಳಿಯುತ್ತಲೂ ಇರಲಿಲ್ಲ.

ಈಗ ಉಗುರಿನ ತುದಿಯನ್ನು ಗೀರಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರು ಎಲ್ಲೂ ತಡೆಯದೆ ಜಾರಿದರೆ ಅದು ಮೇಲ್ಪದರದ ಗೀರು, ಮನೆಯಲ್ಲಿ ಸರಿಪಡಿಸಬಹುದು. ಉಗುರು ಸಿಕ್ಕಿಕೊಂಡರೆ ಆಳವಾದದ್ದು. ಅದನ್ನು ಮನೆಯಲ್ಲಿ ಪೂರ್ತಿ ತೆಗೆಯುವ ಯತ್ನವೇ ಬೇಡ. ಕಲ್ಲಿಗೆ ಬಡಿದು ನೆಗ್ಗಿದ್ದರೆ ಅಲ್ಲಿ ಲೋಹ ಸವೆದಿರುವುದಕ್ಕಿಂತ ಹೆಚ್ಚಾಗಿ ಒಳಗೆ ಒತ್ತಿಹೋಗಿ ಪಕ್ಕಕ್ಕೆ ಉಬ್ಬಿರುತ್ತದೆ. ಅದು ಉಜ್ಜುವುದರಿಂದ ಸರಿಹೋಗುವ ದೋಷವಲ್ಲ.

ಗೀರಿನ ಆಳದಷ್ಟೇ ಅದು ಬಿದ್ದ ಮೇಲ್ಮೈಯೂ ಮುಖ್ಯ. ಒಂದೇ ಗಡಿಯಾರದಲ್ಲಿ ಮಂದ ಹೊಳಪಿನ ಬ್ರಷ್ ಮೇಲ್ಮೈ, ಮುಖ ಕಾಣುವಷ್ಟು ಹೊಳೆಯುವ ಕನ್ನಡಿ ಮೇಲ್ಮೈ, ಮರಳು ಸಿಡಿಸಿದಂತಿರುವ ಮ್ಯಾಟ್ ಮೇಲ್ಮೈ ಮೂರೂ ಇರಬಹುದು. 1972ರಲ್ಲಿ ಬಂದ ಒಡೆಮಾರ್ಸ್ ಪಿಗೆ ಕಂಪನಿಯ ರಾಯಲ್ ಓಕ್ ಗಡಿಯಾರವನ್ನು ನೋಡಿದವರಿಗೆ ಇದು ಚೆನ್ನಾಗಿ ತಿಳಿದಿರುತ್ತದೆ: ಎರಡು ಬ್ರಷ್ ಮೇಲ್ಮೈಗಳು ಕೂಡುವಲ್ಲಿ ದಾರದಷ್ಟು ಅಗಲದ ಕನ್ನಡಿ ಹೊಳಪಿನ ಇಳಿಜಾರು ಓಡುತ್ತದೆ, ಆ ಗಡಿಯಾರದ ಚೆಲುವೆಲ್ಲ ಆ ಎರಡು ಹೊಳಪುಗಳ ನಡುವಿನ ಕಡಿದಂಥ ಗಡಿಯಲ್ಲಿಯೇ ಇದೆ. ಬೆರಳಿಗೆ ಬಟ್ಟೆ ಸುತ್ತಿ ಒಂದು ನಿಮಿಷ ಅಲ್ಲಿ ತಿಕ್ಕಿದರೆ ಆ ಗಡಿ ಮಸುಕಾಗುತ್ತದೆ, ಮತ್ತೆ ಅದನ್ನು ಕೈಯಿಂದ ತರಲಾಗುವುದಿಲ್ಲ.

ಮುಟ್ಟಬಾರದವು

ಕಪ್ಪು ಬಣ್ಣದ ಪಿವಿಡಿ ಅಥವಾ ಡಿಎಲ್‌ಸಿ ಲೇಪನದ ಗಡಿಯಾರಗಳನ್ನು ಉಜ್ಜಬಾರದು. ಲೇಪನ ಹೋದಲ್ಲಿ ಬಿಳಿ ಉಕ್ಕು ಇಣುಕುತ್ತದೆ. ಸಿಟಿಜನ್ ಕಂಪನಿಯ ಡ್ಯುರಾಟೆಕ್ಟ್, ಸೀಕೋ ಕಂಪನಿಯ ಡಯಾಶೀಲ್ಡ್ ಮೊದಲಾದ ಗಡಸುಗೊಳಿಸಿದ ಪದರಗಳಿರುವುವೂ ಹಾಗೆಯೇ. ಗ್ರಾಂಡ್ ಸೀಕೋ ಗಡಿಯಾರಗಳ ಜರಾತ್ಸು ಪಾಲಿಷಿನ ಮೇಲ್ಮೈಗಳು ಒಂದಿಷ್ಟೂ ಅಲೆಯಿಲ್ಲದ ಸಮತಟ್ಟಾದ ಕನ್ನಡಿಗಳು. ಬಟ್ಟೆಯಿಂದ ತಿಕ್ಕಿದರೆ ಹೊಳಪು ಉಳಿದರೂ ಸಮತಟ್ಟು ಹೋಗುತ್ತದೆ. ಮ್ಯಾಟ್ ಮೇಲ್ಮೈಯನ್ನು ಮರಳಿ ತರಲು ಕಣ ಸಿಡಿಸುವ ಯಂತ್ರವೇ ಬೇಕು. ಸ್ಟೀಲ್ ಎಂದುಕೊಂಡ ಗಡಿಯಾರದಲ್ಲಿ ಬೇರೆ ಲೋಹವೂ ಇರಬಹುದು ಎಂಬುದನ್ನೂ ಮರೆಯಬಾರದು: ಈಗಿನ ರೋಲೆಕ್ಸ್ ಡೇಟ್‌ಜಸ್ಟ್‌ನ ಸ್ಟೀಲ್ ಮಾದರಿಗಳಲ್ಲಿ ಏಣುಏಣಾಗಿ ಕಡೆದ ಬೆಜೆಲ್, ಅಂದರೆ ಗಾಜಿನ ಸುತ್ತಲಿನ ಉಂಗುರ, ಬಿಳಿ ಚಿನ್ನದ್ದು, ಅದು ಉಕ್ಕಿನ ಉಪಚಾರಕ್ಕೆ ಒಗ್ಗುವುದಿಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ಬಗೆಯ ಗಡಿಯಾರ ಇದ್ದೇ ಇರುತ್ತದೆ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿಯ ಹಳೆಯ ಗಡಿಯಾರ ಅದು. ಅಜ್ಜನದೋ ಅಪ್ಪನದೋ ಆಗಿರುತ್ತದೆ. ಹೊಸ ಸ್ಟೀಲ್ ಗಡಿಯಾರಕ್ಕೆಂದು ತಂದ ಪಾಲಿಷ್ ಬಟ್ಟೆಯಿಂದ ಅದನ್ನೂ ಒಮ್ಮೆ ಹೊಳಪಿಸಿಬಿಡೋಣ ಎನ್ನಿಸುವುದು ಸಹಜ. ಆದರೆ ಆ ಕಾಲದ ಅನೇಕ ಮಾದರಿಗಳ ಕೇಸು ಹಿತ್ತಾಳೆಯದು, ಮೇಲೆ ಕ್ರೋಮಿಯಂ ಲೇಪನವಷ್ಟೇ. ಉಜ್ಜಿದರೆ ಹಳದಿ ಹಿತ್ತಾಳೆ ಹೊರಬರುತ್ತದೆ. ಅದನ್ನು ಒಣಬಟ್ಟೆಯಿಂದ ಒರೆಸಿ ಜೋಪಾನ ಮಾಡಿ, ಅಷ್ಟೇ ಸಾಕು.

ಮೂರನೆಯ ಹೆಜ್ಜೆ: ಲಾಕಿನ ಬ್ರಷ್ ಮೇಲ್ಮೈಯನ್ನು ಸರಿಪಡಿಸುವುದು

ಮನೆಯಲ್ಲಿ ಕೈಹಾಕಬಹುದಾದ ಜಾಗ ಯಾವುದೆಂದು ಕೇಳಿದರೆ ಚೈನಿನ ಲಾಕ್ ಎಂದೇ ಹೇಳುತ್ತೇನೆ. ಗೀರುಗಳು ಹೆಚ್ಚಾಗಿ ಬೀಳುವುದೂ ಅಲ್ಲಿಯೇ. ಅದರ ಮೇಲ್ಮೈ ಬಹುತೇಕ ಸಮತಟ್ಟಾಗಿದ್ದು ನೇರ ಗೆರೆಗಳ ಬ್ರಷ್ ಫಿನಿಶ್ ಹೊಂದಿರುತ್ತದೆ. ಮುಂದೆ ಬೇಕಾದರೆ ಬದಲಿಸಬಹುದಾದ ಭಾಗವೂ ಹೌದು. ಕೇಸಿನ ವಿಷಯ ಹಾಗಲ್ಲ. ಕೇಸಿನ ಲಗ್‌ಗಳು, ಅಂದರೆ ಚೈನು ಕೂಡುವ ನಾಲ್ಕು ಕಾಲುಗಳು, ಒಮ್ಮೆ ರೂಪ ಕಳೆದುಕೊಂಡರೆ ಗಡಿಯಾರದ ಮುಖವೇ ಬದಲಾಗುತ್ತದೆ.

ಬೇಕಾಗುವ ಸಾಮಗ್ರಿ ಹೆಚ್ಚಿನದೇನಲ್ಲ. ಬಣ್ಣ ಬಳಿಯುವವರು ಬಳಸುವ ಮಾಸ್ಕಿಂಗ್ ಟೇಪ್, ಅಂಗೈ ಅಗಲದ ಸಪಾಟಾದ ಮರದ ತುಂಡು ಅಥವಾ ಗಟ್ಟಿ ಸ್ಕೇಲು, ಹಲ್ಲುಕಡ್ಡಿ, ಮೈಕ್ರೋಫೈಬರ್ ಬಟ್ಟೆ, ಮತ್ತು ಉಜ್ಜಲು ಹೊಸದಾದ ಒಂದು ನಾರಿನ ಪ್ಯಾಡ್. ಪ್ಯಾಡಿನ ಆಯ್ಕೆಯಲ್ಲಿ ಎಚ್ಚರ ಬೇಕು. ಪಾತ್ರೆ ತಿಕ್ಕುವ ಹಸಿರು ಸ್ಕಾಚ್‌ಬ್ರೈಟ್‌ನಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಒರಟು ಕಣಗಳಿರುವುದರಿಂದ ಅದು ಎಳೆಯುವ ಗೆರೆ ಕಾರ್ಖಾನೆಯ ಗೆರೆಗಿಂತ ದಪ್ಪವಾಗಿ, ಆಳವಾಗಿ ಕಾಣುತ್ತದೆ. ಹಾರ್ಡ್‌ವೇರ್ ಮತ್ತು ಕಾರಿನ ಬಣ್ಣದ ಅಂಗಡಿಗಳಲ್ಲಿ ಸಿಗುವ ಮರೂನ್ ಬಣ್ಣದ ಪ್ಯಾಡ್ ಅದಕ್ಕಿಂತ ನಯ, ಬೂದು ಬಣ್ಣದ್ದು ಇನ್ನೂ ನಯ. ಬೂದು ಬಣ್ಣದಿಂದಲೇ ಆರಂಭಿಸಿ. ಅದರಿಂದ ಕೆಲಸ ಆಗದಿದ್ದರೆ ಮಾತ್ರ ಮರೂನಿಗೆ ಹೋಗಿ, ಕೊನೆಗೆ ಮತ್ತೆ ಬೂದು ಬಣ್ಣದಿಂದ ಮುಗಿಸಿ.

ಪ್ಯಾಡ್ ಹೊಸದೇ ಆಗಿರಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಬ್ಬಿಣದ ದೋಸೆ ಕಾವಲಿಯನ್ನೋ ಬಾಣಲೆಯನ್ನೋ ತಿಕ್ಕಿದ ಪ್ಯಾಡಿನಲ್ಲಿ ಕಬ್ಬಿಣದ ಸೂಕ್ಷ್ಮ ಕಣಗಳು ಸಿಕ್ಕಿಕೊಂಡಿರುತ್ತವೆ. ಅದರಿಂದ ಗಡಿಯಾರವನ್ನು ಉಜ್ಜಿದರೆ ಆ ಕಣಗಳು ಸ್ಟೀಲಿನ ಮೇಲ್ಮೈಯಲ್ಲಿ ಹೂತುಕೊಂಡು, ನಮ್ಮ ಮಳೆಗಾಲದ ಥಂಡಿಗೆ ಕೆಲವೇ ದಿನಗಳಲ್ಲಿ ಕಂದು ಚುಕ್ಕೆಗಳಾಗಿ ತುಕ್ಕು ಹಿಡಿಯುತ್ತವೆ. ಸ್ಟೇನ್‌ಲೆಸ್ ಸ್ಟೀಲಿಗೂ ತುಕ್ಕು ಹಿಡಿಯಿತಲ್ಲ ಎಂದು ಜನ ಗಡಿಯಾರವನ್ನು ದೂರುತ್ತಾರೆ. ತುಕ್ಕು ಹಿಡಿದದ್ದು ಮಾತ್ರ ಕಾವಲಿಯ ಕಬ್ಬಿಣಕ್ಕೆ. ಕಬ್ಬಿಣದ ನಾರಿನ ಉಂಡೆಯಿಂದ ಉಜ್ಜಿದರೂ ಇದೇ ಗತಿ. ಶುದ್ಧವಾದ ಪ್ಯಾಡಿನಿಂದ ಉಜ್ಜಿದಾಗ ಉಕ್ಕಿನ ಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ರಕ್ಷಾಪದರ ಹರಿದರೂ ಗಾಳಿಯ ಆಮ್ಲಜನಕದಿಂದ ತಾನಾಗಿಯೇ ಮತ್ತೆ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಆ ಬಗ್ಗೆ ಚಿಂತೆ ಬೇಡ.

ಗಡಿಯಾರಕ್ಕೆ ಕೈಹಾಕುವ ಮೊದಲು ಯಾವುದಾದರೂ ಹಳೆಯ, ಅಗ್ಗದ ಸ್ಟೀಲ್ ಚೈನಿನ ಮೇಲೆ ಕೈ ಪಳಗಿಸಿಕೊಳ್ಳಿ. ಒತ್ತಡ ಎಷ್ಟಿರಬೇಕು, ಗೆರೆ ಹೇಗೆ ಬೀಳುತ್ತದೆ ಎಂಬುದು ಓದಿ ತಿಳಿಯುವಂಥದ್ದಲ್ಲ.

ಚೈನನ್ನು ಕೇಸಿನಿಂದ ಬಿಚ್ಚಿದರೆ ಕೆಲಸ ಸುಲಭವಾದರೂ ಬಿಚ್ಚುವಾಗ ಉಪಕರಣದ ತುದಿ ಜಾರಿ ಲಗ್‌ನ ಹಿಂಬದಿಗೆ ಹೊಸ ಗೀರು ಬೀಳುವ ಅಪಾಯವಿದೆ. ಅಭ್ಯಾಸವಿಲ್ಲದವರು ಕೇಸನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಲಾಕನ್ನು ಮಾತ್ರ ಹೊರಗಿಟ್ಟು ಕೆಲಸ ಮಾಡಬಹುದು. ಬಿಚ್ಚುವುದೇ ಆದರೆ ಲಗ್‌ಗಳ ಹಿಂಬದಿಗೆ ಟೇಪ್ ಅಂಟಿಸಿ, ಕೆಳಗೆ ದಪ್ಪ ಟವೆಲ್ ಹಾಸಿಕೊಳ್ಳಿ; ಒಳಗಿನ ಸ್ಪ್ರಿಂಗ್ ಪಿನ್ನು ಚಿಮ್ಮಿ ಹಲಗೆಯ ಸಂದಿಗೆ ಹೋದರೆ ಹುಡುಕಿ ಸಿಗುವುದು ಕಷ್ಟ.

ಲಾಕಿನ ಮೇಲೆ ಕಂಪನಿಯ ಲಾಂಛನ ಇದ್ದರೆ ಅದನ್ನೂ, ಪಕ್ಕದಲ್ಲಿ ಕನ್ನಡಿ ಹೊಳಪಿನ ಅಂಚುಗಳಿದ್ದರೆ ಅವನ್ನೂ ಟೇಪಿನಿಂದ ಮುಚ್ಚಿ. ಟೇಪಿನ ಅಂಚನ್ನು ಹಲ್ಲುಕಡ್ಡಿಯಿಂದ ಒತ್ತಿ ಕೂರಿಸಿ, ಎರಡು ಪದರ ಹಾಕಿ. ಟೇಪನ್ನು ಬೇಕಾದ ಅಳತೆಗೆ ಬೇರೆ ಕಡೆ ಕತ್ತರಿಸಿಕೊಂಡು ತನ್ನಿ; ಗಡಿಯಾರದ ಮೇಲೆಯೇ ಬ್ಲೇಡ್ ಆಡಿಸಬಾರದು.

ಪ್ಯಾಡನ್ನು ಮರದ ತುಂಡಿಗೆ ಬಿಗಿಯಾಗಿ ಸುತ್ತಿ. ಬೆರಳಿನಿಂದಲೇ ಒತ್ತಿ ಉಜ್ಜಿದರೆ ಒತ್ತಡ ಒಂದೆಡೆ ಹೆಚ್ಚಾಗಿ ಅಂಚುಗಳು ದುಂಡಗಾಗುತ್ತವೆ. ಮೂಲ ಗೆರೆಗಳು ಯಾವ ದಿಕ್ಕಿಗಿವೆಯೋ ಅದೇ ದಿಕ್ಕಿನಲ್ಲಿ, ಲಾಕಿನ ಒಂದು ತುದಿಯ ಆಚೆಯಿಂದ ಶುರುಮಾಡಿ ಇನ್ನೊಂದು ತುದಿಯ ಆಚೆಗೆ ಹೋಗುವವರೆಗೆ ಒಂದೇ ಎಳೆತದಲ್ಲಿ, ಹಗುರವಾಗಿ ಎಳೆಯಿರಿ. ನಡುವೆ ನಿಲ್ಲಿಸಬಾರದು, ನಿಲ್ಲಿಸಿದಲ್ಲಿ ಗುರುತು ಉಳಿಯುತ್ತದೆ. ಎಳೆದಾದ ಮೇಲೆ ಪ್ಯಾಡನ್ನು ಮೇಲೆತ್ತಿ ಮತ್ತೆ ಮೊದಲ ತುದಿಗೆ ತನ್ನಿ. ಹಿಂದಕ್ಕೂ ಮುಂದಕ್ಕೂ ತಿಕ್ಕಬೇಡಿ, ಸುತ್ತುಸುತ್ತಾಗಿ ತಿಕ್ಕುವುದಂತೂ ಸರ್ವಥಾ ಬೇಡ. ನಾಲ್ಕೈದು ಎಳೆತಗಳಾದ ಕೂಡಲೇ ನಿಲ್ಲಿಸಿ, ಬಟ್ಟೆಯಿಂದ ಒರೆಸಿ, ಓರೆ ಬೆಳಕಿನಲ್ಲಿ ನೋಡಿ. ಮೊದಲು ಸಣ್ಣ ಗೀರುಗಳು ಗೆರೆಗಳಲ್ಲಿ ಬೆರೆತು ಮಾಯವಾಗುತ್ತವೆ, ಆಳವಾದವು ತುಸು ಮಂಕಾಗಿ ಉಳಿಯುತ್ತವೆ. ಅಲ್ಲಿಗೆ ನಿಲ್ಲಿಸುವುದೇ ಈ ಕೆಲಸದಲ್ಲಿ ಅತ್ಯಂತ ಕಷ್ಟವಾದ ಭಾಗ. ಉಳಿದ ಒಂದೆರಡು ಆಳದ ಗೀರುಗಳ ಬೆನ್ನುಹತ್ತಿ ಉಜ್ಜುತ್ತ ಹೋದರೆ ಅಷ್ಟು ಜಾಗ ಮಾತ್ರ ತಗ್ಗಾಗಿ, ಟ್ಯೂಬ್‌ಲೈಟಿನ ಬಿಂಬ ಅದರ ಮೇಲೆ ಬಾಗಿ ಕಾಣಲಾರಂಭಿಸುತ್ತದೆ.

ಮುಗಿದ ಮೇಲೆ ಟೇಪ್ ತೆಗೆದು, ಮೊದಲಿನಂತೆಯೇ ಸೋಪಿನ ನೀರಿನಲ್ಲಿ ಬ್ರಷ್ ಮಾಡಿ ಲೋಹದ ಪುಡಿಯನ್ನು ತೊಳೆಯಿರಿ. ಹೊಸದಾಗಿ ಎಳೆದ ಗೆರೆಗಳು ಪಕ್ಕದ ಕೊಂಡಿಗಳಿಗಿಂತ ಸ್ವಲ್ಪ ಬೆಳ್ಳಗೆ ಕಾಣಬಹುದು. ಕಟ್ಟಿಕೊಳ್ಳುತ್ತ ಹೋದಂತೆ ಅದು ಹದಕ್ಕೆ ಬರುತ್ತದೆ. ವರ್ಷಕ್ಕೊಮ್ಮೆ ಇಷ್ಟು ಮಾಡಿದರೆ ಹೆಚ್ಚಾಯಿತು. ಲಗ್‌ನ ಮೇಲ್ಭಾಗದ ಬ್ರಷ್ ಫಿನಿಶ್‌ಗೂ ಇದೇ ಉಪಾಯವನ್ನು ಬಳಸಬಹುದೇ ಎಂದು ಕೇಳುವವರಿದ್ದಾರೆ. ಕೆಲವು ಗಡಿಯಾರಗಳಲ್ಲಿ ಅಲ್ಲಿನ ಗೆರೆಗಳು ನೇರವಾಗಿರದೆ ಡಯಲಿನ ನಡುವಿನಿಂದ ಕಿರಣಗಳಂತೆ ಹರಡಿರುತ್ತವೆ. ಕೈಯಿಂದ ಅದನ್ನು ಅನುಸರಿಸಲಾಗದು. ನೇರವಾಗಿದ್ದರೂ ಅಲ್ಲಿ ಜಾಗ ಕಿರಿದು, ಅಂಚುಗಳು ಹತ್ತಿರ. ನನ್ನ ಸಲಹೆ: ಬೇಡ.

ಕನ್ನಡಿ ಹೊಳಪಿನ ಭಾಗಗಳು

ಕನ್ನಡಿ ಮೇಲ್ಮೈಯ ಮೇಲೆ ಬೀಳುವ ಕೂದಲೆಳೆಯ ಗೀರುಗಳಿಗೆ ಕೇಪ್ ಕಾಡ್ ಎಂಬ ಹೆಸರಿನ, ಪಾಲಿಷ್ ದ್ರವ್ಯದಲ್ಲಿ ನೆನೆಸಿದ ಬಟ್ಟೆ ಪ್ರಸಿದ್ಧವಾಗಿದೆ, ಆನ್‌ಲೈನಿನಲ್ಲಿ ಸಿಗುತ್ತದೆ. ಕೈಗವಸು ಹಾಕಿಕೊಂಡು, ಪಕ್ಕದ ಬ್ರಷ್ ಭಾಗಗಳನ್ನೆಲ್ಲ ಟೇಪಿನಿಂದ ಮುಚ್ಚಿ, ಹಗುರವಾಗಿ ತಿಕ್ಕಿ, ಒಣಬಟ್ಟೆಯಿಂದ ಒರೆಸಬೇಕು. ಬಟ್ಟೆ ಕಪ್ಪಾಗುವುದು ಕಂಡು ಕೊಳೆ ಹೋಯಿತೆಂದು ಸಂತೋಷಪಡುವವರುಂಟು. ತೊಳೆದು ಶುಭ್ರವಾದ ಗಡಿಯಾರದಿಂದಲೂ ಆ ಕಪ್ಪು ಬರುತ್ತದೆ, ಏಕೆಂದರೆ ಅದರಲ್ಲಿ ಸವೆದ ಲೋಹವೂ ಸೇರಿರುತ್ತದೆ. ಟೇಪ್ ಹಾಕದೆ ಈ ಬಟ್ಟೆಯನ್ನು ಇಡೀ ಚೈನಿಗೆ ಆಡಿಸಿದರೆ ಬ್ರಷ್ ಗೆರೆಗಳು ಅರ್ಧಂಬರ್ಧ ಹೊಳಪಾಗಿ, ಅದೂ ಅಲ್ಲದ ಇದೂ ಅಲ್ಲದ ರೂಪ ಬರುತ್ತದೆ. ಲಾಕಿನ ಪಕ್ಕದ ಹೊಳಪಿನ ಪಟ್ಟಿಗೆ, ಚೈನಿನ ನಡುವಿನ ಹೊಳಪಿನ ಕೊಂಡಿಗಳಿಗೆ ಅಪರೂಪಕ್ಕೊಮ್ಮೆ ಇದನ್ನು ಬಳಸಬಹುದು. ಕೇಸಿನ ಪಕ್ಕೆಗೂ ಇಳಿಜಾರುಗಳಿಗೂ ಬೇಡ.

ಗಾಜಿನ ವಿಷಯ ಚಿಕ್ಕದು. ಈಗಿನ ಹೆಚ್ಚಿನ ದುಬಾರಿ ಗಡಿಯಾರಗಳದ್ದು ಸಫೈರ್ ಗಾಜು. ಅದು ಬೆಣಚುಕಲ್ಲಿಗಿಂತ ಗಡಸು. ಅದರ ಮೇಲೆ ಕಾಣುವ ಗೆರೆ ಬೇರೆ ಲೋಹದ ಕಲೆಯೋ ಹೊರಗಿನ ಪ್ರತಿಫಲನ ತಡೆಯುವ ಲೇಪನದ ಗೀರೋ ಆಗಿರುವುದೇ ಹೆಚ್ಚು. ಮೊದಲನೆಯದು ರಬ್ಬರಿಗೆ ಹೋಗುತ್ತದೆ, ಎರಡನೆಯದು ಹೋಗುವುದಿಲ್ಲ. 1969ರಲ್ಲಿ ಚಂದ್ರಯಾತ್ರಿಗಳ ಕೈಯಲ್ಲಿದ್ದ ಒಮೆಗಾ ಸ್ಪೀಡ್‌ಮಾಸ್ಟರ್‌ನಂಥ ಗಡಿಯಾರಗಳ ಅಕ್ರಿಲಿಕ್ ಗಾಜು ಬೇಗ ಗೀರಾಗುತ್ತದೆ, ಆದರೆ ಪಾಲಿವಾಚ್‌ನಂಥ ಪೇಸ್ಟಿನಿಂದ ಅಷ್ಟೇ ಬೇಗ ತಿಳಿಯಾಗುತ್ತದೆ.

ಪರಿಣತರ ಕೈಗೆ ಕೊಡುವಾಗ

ಆಳವಾದ ಗೀರು, ನೆಗ್ಗು, ಲಗ್‌ನ ಮೂಲೆಯ ಹೊಡೆತ ಇವುಗಳಿಗೆ ಯಂತ್ರವೂ ಪಳಗಿದ ಕೈಯೂ ಬೇಕು. ಇಲ್ಲಿ ಹಲವರು ಎಡವುವುದು ಒಡವೆ ಹೊಳಪಿಸುವ ಬಫಿಂಗ್ ಚಕ್ರವನ್ನು ನಂಬಿ. ಗಾಂಧಿ ಬಜಾರಿನಂಥ ಪೇಟೆಯಲ್ಲಿ ಚಿನ್ನ ಬೆಳ್ಳಿಗೆ ಸೊಗಸಾದ ಹೊಳಪು ಕೊಡುವ ಕುಶಲ ಕೆಲಸಗಾರರು ಖಂಡಿತ ಇದ್ದಾರೆ. ಆದರೆ ಬಳೆಗೆ, ಉಂಗುರಕ್ಕೆ ದುಂಡಗಿನ ಹೊಳಪೇ ಅಂದ, ಗಡಿಯಾರದ ಕೇಸಿಗೆ ಅದೇ ಕೇಡು. ಬಟ್ಟೆಯ ಮೆತ್ತನೆಯ ಚಕ್ರ ಮೂಲೆಗಳನ್ನು ಹುಡುಕಿಕೊಂಡು ತಿನ್ನುತ್ತದೆ. ಪರಿಚಯದ ಮನೆಯೊಂದರಲ್ಲಿ ಹೀಗೆ ಬಫ್ ಆಗಿ ಬಂದ ಗಡಿಯಾರವನ್ನು ನೋಡಿದ್ದೇನೆ. ಒಂದು ಗೀರೂ ಇರಲಿಲ್ಲ, ಎಲ್ಲ ಕಡೆ ಹೊಳಪೇ ಹೊಳಪು. ಆದರೆ ಲಗ್‌ಗಳ ಚೂಪು ಅಂಚುಗಳು ಕರಗಿ, ಹಿಂಬದಿಯ ಅಕ್ಷರಗಳು ಅರ್ಧ ಅಳಿಸಿ, ಬ್ರಷ್ ಗೆರೆಗಳಿದ್ದ ಜಾಗದಲ್ಲಿ ಸ್ಟೀಲ್ ಲೋಟದ ಹೊಳಪು ಬಂದಿತ್ತು. ಮನೆಯವರಿಗೆ ಅದನ್ನು ಕಂಡು ಬೇಸರವೇ ಆಗಿತ್ತು, ಏನು ತಪ್ಪಾಗಿದೆಯೆಂದು ಹೇಳಲು ಮಾತ್ರ ತಿಳಿದಿರಲಿಲ್ಲ.

ಸ್ವಿಸ್ ಕಂಪನಿಗಳ ಗಡಿಯಾರವಾದರೆ ಸಾಮಾನ್ಯವಾಗಿ ಬೆಂಗಳೂರಿನಂಥ ದೊಡ್ಡ ಊರಿನ ಅಧಿಕೃತ ಸೇವಾಕೇಂದ್ರಕ್ಕೋ ನುರಿತ ಸ್ವತಂತ್ರ ಪರಿಣತರಿಗೋ ಕೊಡಬೇಕಾಗುತ್ತದೆ. ಸಾಧ್ಯವಿದ್ದರೆ ಕೈಯಾರೆ ಒಯ್ದು ಕೊಡಿ. ಕೊಡುವ ಮೊದಲು ಎಲ್ಲ ಕೋನಗಳಿಂದ, ಮುಖ್ಯವಾಗಿ ನಾಲ್ಕು ಲಗ್‌ಗಳನ್ನು ಹತ್ತಿರದಿಂದ, ಫೋಟೋ ತೆಗೆದಿಟ್ಟುಕೊಳ್ಳಿ. ಕೇಳಬೇಕಾದ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ: ಪಾಲಿಷ್ ಮಾಡುವ ಮೊದಲು ಒಳಗಿನ ಯಂತ್ರವನ್ನೂ ಗಾಜನ್ನೂ ಹೊರತೆಗೆಯುತ್ತೀರಾ? ಸಮತಟ್ಟಾದ ಭಾಗಗಳನ್ನು ಲ್ಯಾಪಿಂಗ್ ಯಂತ್ರದ ಗಟ್ಟಿ ತಟ್ಟೆಯ ಮೇಲೆ ಮಾಡುತ್ತೀರಾ, ಬಟ್ಟೆಯ ಚಕ್ರದಲ್ಲಿ ಮಾಡುತ್ತೀರಾ? ಬ್ರಷ್ ಮತ್ತು ಕನ್ನಡಿ ಭಾಗಗಳನ್ನು ಮೊದಲಿದ್ದಂತೆಯೇ ಬೇರ್ಪಡಿಸಿ ಕೊಡುತ್ತೀರಾ? ಈ ಹಿಂದೆ ನೀವು ಮಾಡಿದ ಕೆಲಸದ ಚಿತ್ರಗಳಿವೆಯೇ? ತೀರ ಆಳವಾದ ಗಾಯಕ್ಕೆ ಲೇಸರ್ ವೆಲ್ಡಿಂಗ್ ಎಂಬ ಉಪಾಯವಿದೆ. ಅದರಲ್ಲಿ ಅದೇ ದರ್ಜೆಯ ಉಕ್ಕಿನ ತಂತಿಯನ್ನು ಕರಗಿಸಿ ಗೀರಿನೊಳಗೆ ತುಂಬಿ, ಆಮೇಲೆ ಮಟ್ಟ ಮಾಡುತ್ತಾರೆ. ಸುತ್ತಲಿನ ಲೋಹ ಉಳಿಯುವುದರಿಂದ ಬೆಲೆಬಾಳುವ ಗಡಿಯಾರಕ್ಕೆ ಅದು ಹೆಚ್ಚು ನ್ಯಾಯವಾದ ದಾರಿ, ಖರ್ಚು ಮಾತ್ರ ಜಾಸ್ತಿ.

ಗೀರಿನ ಸಲುವಾಗಿ ಅಲ್ಲದೆ ಬರೀ ಸರ್ವಿಸ್‌ಗೆಂದು ಕೊಡುವಾಗಲೂ ಎಚ್ಚರ ಬೇಕು. ಕೆಲವೆಡೆ ಪೂರ್ಣ ಸರ್ವಿಸ್ ಜತೆಗೆ ಪಾಲಿಷ್ ಕೂಡ ಸೇರಿಯೇ ಇರುತ್ತದೆ. ನಿಮಗೆ ಅದು ಬೇಡವಾದರೆ ಕೇಸಿಗೂ ಚೈನಿಗೂ ಪಾಲಿಷ್ ಮಾಡಬಾರದು ಎಂದು ರಸೀದಿಯ ಮೇಲೆಯೇ ಬರೆಸಿಕೊಳ್ಳಿ, ಬಾಯಿಮಾತು ಸಾಲದು. ಮುಂದೆ ಎಂದಾದರೂ ಮಾರುವ ಯೋಚನೆಯಿದ್ದರೆ ಇದು ಇನ್ನೂ ಮುಖ್ಯ: ಹಳೆಯ ಗಡಿಯಾರಗಳನ್ನು ಸಂಗ್ರಹಿಸುವವರು ಗೀರುಗಳಿದ್ದರೂ ಮೂಲ ಅಂಚುಗಳು ಉಳಿದಿರುವ ಕೇಸಿಗೆ, ಹೊಳೆಯುತ್ತಿದ್ದರೂ ಸವೆದು ದುಂಡಗಾದ ಕೇಸಿಗಿಂತ ಹೆಚ್ಚಿನ ಬೆಲೆ ಕೊಡುತ್ತಾರೆ.

ಗಡಿಯಾರ ಮರಳಿ ಬಂದಾಗ ಅಲ್ಲಿಯೇ ನಿಂತು ಮೊದಲಿನ ಫೋಟೋಗಳ ಜತೆ ಹೋಲಿಸಿ ನೋಡಿ. ಟ್ಯೂಬ್‌ಲೈಟಿನ ಬಿಂಬ ಕೇಸಿನ ಪಕ್ಕೆಯ ಮೇಲೆ ನೇರವಾಗಿ ಓಡುತ್ತದೆಯೇ, ನಾಲ್ಕೂ ಲಗ್‌ಗಳ ಅಗಲ ಒಂದೇ ಆಗಿದೆಯೇ, ತಿರುಪು ಸಲೀಸಾಗಿ ಬಿಗಿಯುತ್ತದೆಯೇ, ಚೈನನ್ನು ಎರಡೂ ಕಡೆ ಮೆಲ್ಲಗೆ ಎಳೆದಾಗ ಸ್ಪ್ರಿಂಗ್ ಪಿನ್ನುಗಳು ಭದ್ರವಾಗಿವೆಯೇ ಎಂದು ಪರೀಕ್ಷಿಸಿ. ಕೇಸನ್ನು ತೆರೆದು ಮುಚ್ಚಿರುವುದರಿಂದ ರಬ್ಬರ್ ಉಂಗುರಗಳನ್ನು ಬದಲಿಸಿದ್ದಾರೆಯೇ, ನೀರಿನ ಒತ್ತಡದ ಪರೀಕ್ಷೆ ಮಾಡಿದ್ದಾರೆಯೇ ಎಂದು ಕೇಳಿ, ಫಲಿತಾಂಶವನ್ನು ಬರೆಸಿಕೊಳ್ಳಿ. ಮಲೆನಾಡಿನಲ್ಲಿರುವವರು ಈ ಕೆಲಸವನ್ನೆಲ್ಲ ಮೇ ತಿಂಗಳೊಳಗೆ ಮುಗಿಸಿಕೊಳ್ಳುವುದು ಒಳ್ಳೆಯದು; ಪರೀಕ್ಷೆಯಾಗದ ಗಡಿಯಾರವನ್ನು ಕಟ್ಟಿಕೊಂಡು ಜೂನ್ ತಿಂಗಳ ಮಳೆಗೆ ಇಳಿಯಬಾರದು.